ಹೊಲದಲ್ಲಿ ಹಾಳು ಮಣ್ಣು, ಮಡಕೆ ಚೂರು ಸಿಕ್ಕರೆ ಲೇಔಟ್ ಕೆಲಸ ನಿಂತೇ ಹೋಗುತ್ತಾ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ, ತುಂಗಭದ್ರಾ ಹೊಳೆಗೆ ಹತ್ತಿರದ ಊರು. ನಾಲ್ಕು ಎಕರೆ ಹೊಲ ಎನ್‌ಎ ಮಾಡಿಸಿ ಲೇಔಟ್ ಹಾಕಲು ಒಬ್ಬರ ಜೊತೆ ಕರಾರು ಆಗಿದೆ. ಹೊಲದ ಒಂದು ಮೂಲೆಯಲ್ಲಿ ಅರ್ಧ ಎಕರೆಯಷ್ಟು ದಿಬ್ಬ ಇದೆ, ಅದಕ್ಕೆ ನಮ್ಮಲ್ಲಿ ಹಾಳದಿಬ್ಬ ಅಂತಾರೆ. ಮಟ್ಟ ಮಾಡಲು ಜೆಸಿಬಿ ಹಚ್ಚಿದಾಗ ಬೂದಿ ಬಣ್ಣದ ಮಣ್ಣು, ರಾಶಿಗಟ್ಟಲೆ ಮಡಕೆ ಚೂರು, ನುಣುಪಾದ ಎರಡು ಕಲ್ಲು ಬಂದವು. ಒಂದು ಗಡಿಗೆಯೊಳಗೆ ಸಣ್ಣ ಸಣ್ಣ ಎಲುಬು ಇದ್ದವು. ಅವತ್ತೇ ಕೆಲಸ ನಿಲ್ಲಿಸಿದ್ದೇನೆ. ‘ಸುದ್ದಿ ಹೊರಗ ಹೋದ್ರ ಹೊಲ ಸರಕಾರದ ಪಾಲು, ರಾತ್ರೋರಾತ್ರಿ ಮುಚ್ಚಿಬಿಡು’ ಅಂತ ಕಾಕಾ ಹೇಳುತ್ತಾರೆ. ಅವ್ವ ಎಲುಬು ನೋಡಿ ಹೆದರಿದ್ದಾಳೆ. ಊರಲ್ಲಿ ಕೆಲವರು ನಿಧಿ ಅಂತಿದ್ದಾರೆ. ಮುಂಗಡ ಬಂದ ಹಣ ತಂಗಿಯ ಮದುವೆಗೆ ಖರ್ಚಾಗಿದೆ. ನಾನೇನು ಮಾಡಲಿ? ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ, ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮಷೀನು ನಿಲ್ಲಿಸಿದ್ದೀರಿ, ಗುಂಡಿ ಮುಚ್ಚಿಲ್ಲ. ಇವೆರಡೂ ಸರಿಯಾದ ಕೆಲಸ. ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಹೊಲ ಹೋಗುತ್ತಾ, ಕರಾರು ಮುರಿಯುತ್ತಾ, ಮುಂಗಡ ವಾಪಸ್ ಕೊಡಬೇಕಾಗುತ್ತಾ, ಇದಲ್ವಾ? ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಕೈಗೆ ಸಿಕ್ಕದ್ದು ಏನು ಅಂತ ಹೇಳಬೇಕು, ಯಾಕಂದರೆ ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ.

ಆ ನುಣುಪು ಕಲ್ಲುಗಳಲ್ಲಿ ಉದ್ದನೆಯದನ್ನು ಮತ್ತೆ ಕೈಯಲ್ಲಿ ಹಿಡಿದು ನೋಡಿ. ಒಂದು ತುದಿ ಮೊಂಡು, ಇನ್ನೊಂದು ತುದಿ ಚೂಪು. ಮೈಮೇಲೆಲ್ಲ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಕುಳಿ. ಬಾಯಿಯ ಹತ್ತಿರ ಮಾತ್ರ ಕನ್ನಡಿಯಂತೆ ನುಣುಪು. ಅದು ಕಲ್ಲಿನ ಕೊಡಲಿ. ಕರಿಕಲ್ಲಿನ ತುಂಡನ್ನು ಮೊದಲು ಒಡೆದು ಆಕಾರಕ್ಕೆ ತಂದು, ಆಮೇಲೆ ಬೇರೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಉಬ್ಬು ತೆಗೆದು, ಕೊನೆಗೆ ಬಂಡೆಗೆ ನೀರು ಹಾಕಿ ಉಜ್ಜಿ ಬಾಯಿ ಮಾಡುತ್ತಿದ್ದರು. ಕುಳಿ ಇರುವ ಕಡೆ ಕುಟ್ಟಿದ್ದು, ನುಣುಪು ಇರುವ ಕಡೆ ಉಜ್ಜಿದ್ದು. ಅದನ್ನು ಮಾಡಿದವನ ಕೆಲಸ ಇನ್ನೂ ಹಾಗೇ ಕಾಣುತ್ತದೆ. ಇಂಥ ಕೊಡಲಿಗಳನ್ನು ಸಿಡಿಲಿನ ಕಲ್ಲು ಅಂತ ನಂಬಿ ಗುಡಿಯಲ್ಲಿಟ್ಟು ಪೂಜೆ ಮಾಡುವುದನ್ನು ನಾನು ನೋಡಿದ್ದೇನೆ. ಹಾಗೆ ಗುಡಿಯಲ್ಲಿದ್ದದ್ದಕ್ಕೇ ಎಷ್ಟೋ ಕೊಡಲಿಗಳು ಉಳಿದವು.

ಚೂರುಗಳು ಎರಡು ಬಗೆ ಇವೆ. ಬೂದು ಬಣ್ಣದ ದಪ್ಪ ಚೂರಿನ ಒಳಮೈಯಲ್ಲಿ ತಿಗರಿಯ (ಕುಂಬಾರನ ಚಕ್ರದ) ಗೆರೆ ಇಲ್ಲ, ಬೆರಳು ಒತ್ತಿದ ತಗ್ಗು ಇದೆ. ಅದು ಕೈಯಿಂದ ಮಾಡಿದ ಮಡಕೆ. ಇನ್ನೊಂದು ತೆಳುವಾದದ್ದು, ಒಳಗೆ ಕಪ್ಪು, ಹೊರಗೆ ಕೆಂಪು. ಅದು ಕಬ್ಬಿಣ ಬಂದ ಕಾಲದ ಮಡಕೆ. ಸುಡುವಾಗ ಮಡಕೆಯನ್ನು ಬೋರಲು ಹಾಕಿದರೆ ಒಳಗೆ ಗಾಳಿ ಹೋಗುವುದಿಲ್ಲ, ಒಳಮೈ ಮತ್ತು ಬಾಯಿ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ದಕ್ಷಿಣದಲ್ಲಿ ನವಶಿಲಾಯುಗ, ಅಂದರೆ ಇಂಥ ಉಜ್ಜಿದ ಕಲ್ಲಿನ ಕೊಡಲಿಯ ಕಾಲ, ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ. ಅದಾದ ಮೇಲೆ ಕಬ್ಬಿಣದ ಯುಗ. ನಿಮ್ಮ ದಿಬ್ಬದಲ್ಲಿ ಎರಡೂ ಇರುವ ಹಾಗೆ ಕಾಣುತ್ತದೆ. ಬಂದು ನೋಡದೆ ಖಚಿತವಾಗಿ ಹೇಳುವುದಿಲ್ಲ. ಆದರೂ ಫೋಟೊ ನೋಡಿದಾಗ ನನಗೆ ತಕ್ಷಣ ಹಳ್ಳೂರು ನೆನಪಾಯಿತು.

ಹಳ್ಳೂರು ನಿಮ್ಮದೇ ಜಿಲ್ಲೆ, ಅದೇ ತುಂಗಭದ್ರೆಯ ದಂಡೆ. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದ ಎಂ.ಎಸ್. ನಾಗರಾಜ ರಾವ್ ಅಲ್ಲಿ 1965ರಲ್ಲಿ ಉತ್ಖನನ ಮಾಡಿದರು. ಕೆಳಗೆ ಕಲ್ಲಿನ ಕೊಡಲಿಯ ಜನ, ಮೇಲೆ ಕಬ್ಬಿಣದ ಜನ, ನಡುವೆ ಊರು ಪಾಳು ಬಿದ್ದ ಗುರುತಿಲ್ಲ. ಒಂದು ಬಾಳು ಇನ್ನೊಂದರೊಳಗೆ ಸೇರಿಕೊಂಡ ಹಾಗೆ. ಅಲ್ಲಿ ಸಿಕ್ಕ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ ಎಷ್ಟು ಹಳೆಯದು ಅಂತ ಪರೀಕ್ಷೆ ಮಾಡಿದಾಗ, ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೇ ಇಲ್ಲಿ ಬಂದಿತ್ತು ಅಂತ ಗೊತ್ತಾಯಿತು. ಅಲ್ಲಿಯವರೆಗೆ ದಕ್ಷಿಣಕ್ಕೆ ಕಬ್ಬಿಣ ಬಹಳ ತಡವಾಗಿ ಬಂತು ಅಂತ ನಂಬಿದ್ದರು.

ಹಳ್ಳೂರಿನದು ಇನ್ನೊಂದು ಕಥೆ ಇದೆ. ನಿಮ್ಮ ಗುಂಡಿಯನ್ನು ಯಾಕೆ ಕೆದಕಬೇಡಿ ಅನ್ನುತ್ತೇನೆ ಅನ್ನುವುದು ಅದರಿಂದ ತಿಳಿಯುತ್ತದೆ. ಅಲ್ಲಿಯ ಎಲುಬುಗಳನ್ನು ಧಾರವಾಡದ ಪಶುವೈದ್ಯ ಕೆ.ಆರ್. ಆಲೂರ ಅವರು ಪರೀಕ್ಷಿಸಿದರು. ಕೆಲವು ಕುದುರೆಯವು ಅಂದರು. ಅಷ್ಟು ಹಳೆಯ ಕಾಲದಲ್ಲಿ ಇಲ್ಲಿ ಕುದುರೆ ಎಲ್ಲಿಂದ ಬಂತು ಅಂತ ದೇಶವಿಡೀ ವಾದ ಎದ್ದಿತು, ಹಲವು ವರ್ಷ ನಡೆಯಿತು. ಎಲುಬು ಯಾವ ಪ್ರಾಣಿಯದು ಅನ್ನುವುದರಷ್ಟೇ ಅದು ಯಾವ ಪದರದಲ್ಲಿತ್ತು ಅನ್ನುವುದೂ ಇಂಥ ವಾದದಲ್ಲಿ ಮುಖ್ಯ. ಒಂದು ಗೇಣು ಕೆಳಗಿದ್ದರೆ ಒಂದು ಇತಿಹಾಸ, ಒಂದು ಗೇಣು ಮೇಲಿದ್ದರೆ ಬೇರೆ ಇತಿಹಾಸ. ವಸ್ತುವಿಗಿಂತ ಅದು ಬಿದ್ದಿದ್ದ ಜಾಗಕ್ಕೆ ಬೆಲೆ ಜಾಸ್ತಿ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ತುಂಬಾ ವರ್ಷಗಳ ಹಿಂದೆ ಗದಗ ಕಡೆ ಒಂದು ದಿಬ್ಬ ನೋಡಿ ಬಂದಿದ್ದೆ. ಕಾಗದಪತ್ರ ಓಡಾಡಿ ಅನುಮತಿ ಬರುವಷ್ಟರಲ್ಲಿ ಎರಡು ಮಳೆಗಾಲ ಹೋದವು. ಮತ್ತೆ ಹೋದಾಗ ದಿಬ್ಬವೇ ಇಲ್ಲ. ಟ್ರ್ಯಾಕ್ಟರಿನಲ್ಲಿ ಮಣ್ಣು ಹೊತ್ತು ಹೊಲಗಳಿಗೆ ಹಾಕಿದ್ದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ, ಹಾಳು ಮಣ್ಣು ಒಳ್ಳೆ ಗೊಬ್ಬರ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊತ್ತಾದ್ದಕ್ಕೆ ಹೊಣೆ ಪುರಾತತ್ವದ ಕೆಲಸ ಮಾಡುವ ನಮ್ಮವರದು. ವಾಪಸ್ ಬರುವಾಗ ಒಂದು ಮನೆಯ ಕಟ್ಟೆ ಹತ್ತಿರ ನಡುವೆ ಸವೆದು ತಗ್ಗಾದ ಕಲ್ಲು ಕಂಡಿತು. ಸಾವಿರಾರು ವರ್ಷದ ಹಿಂದೆ ಯಾರೋ ತಾಯಿ ಕೂತು ಕಾಳು ಅರೆದ ಕಲ್ಲು. ಅದರಲ್ಲಿ ನಾಯಿಗೆ ನೀರು ಹಾಕಿಟ್ಟಿದ್ದರು. ‘ಇದು ಎಲ್ಲಿ ಸಿಕ್ತು ರೀ?’ ಅಂದೆ. ‘ಅಲ್ಲೇ ಎಲ್ಲೋ ರೀ’ ಅಂದರು. ಆ ಕಲ್ಲು ಈಗ ಒಂದು ಕಲ್ಲು ಅಷ್ಟೇ. ಯಾರ ಮನೆ, ಯಾವ ಕಾಲ, ಜೊತೆಗೆ ಏನಿತ್ತು, ಯಾವುದೂ ಇನ್ನು ತಿಳಿಯುವುದಿಲ್ಲ.

ಈಗ ನಿಮ್ಮ ಕಾಕಾನ ಮಾತಿಗೆ ಬರುತ್ತೇನೆ. ಮಡಕೆ ಚೂರು ಸಿಕ್ಕಿತು ಅಂದ ತಕ್ಷಣ ಹೊಲ ಸರಕಾರದ್ದಾಗುವುದಿಲ್ಲ. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ನಿಮ್ಮದೇ ಇರುತ್ತದೆ. ಖಾಸಗಿ ಜಮೀನಿನಲ್ಲಿ ಕಟ್ಟುವ ಮೊದಲು ಉತ್ಖನನ ಮಾಡಿಸಲೇಬೇಕು ಅನ್ನುವ ಕಾನೂನೂ ನಮ್ಮಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ಕಟ್ಟುವವರೇ ಅದರ ಖರ್ಚು ಹೊರುವ ಪದ್ಧತಿ ಇದೆ, ಇಲ್ಲಿ ಹಾಗಿಲ್ಲ. ನಾನು ಚೂರು ಹೆಕ್ಕಿದ, ಅಳತೆ ಮಾಡಿದ ಹೊಲಗಳಲ್ಲಿ ಹೆಚ್ಚಿನವು ಇವತ್ತಿಗೂ ಅದೇ ಮನೆತನದ ಕೈಯಲ್ಲಿವೆ, ಉಳುಮೆ ನಡೆದಿದೆ.

ಅಪಾಯ ಇಲ್ಲವೇ ಇಲ್ಲ ಅಂತಲೂ ಹೇಳಲಾರೆ. ಜಾಗ ಬಹಳ ಮಹತ್ವದ್ದು ಅಂತ ಕಂಡರೆ 1958ರ ಕೇಂದ್ರ ಕಾಯ್ದೆ ಅಥವಾ 1961ರ ಕರ್ನಾಟಕ ಕಾಯ್ದೆಯಡಿ ಅದನ್ನು ಸಂರಕ್ಷಿತ ಅಂತ ಘೋಷಿಸಬಹುದು. ಆಗಲೂ ಒಡೆತನ ತಾನಾಗಿ ಹೋಗುವುದಿಲ್ಲ, ಆದರೆ ಕಟ್ಟುವ ಅಗೆಯುವ ಸ್ವಾತಂತ್ರ್ಯ ಹೋಗುತ್ತದೆ. ಕೇಂದ್ರದ ಕಾಯ್ದೆಯಲ್ಲಾದರೆ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ನಾಲ್ಕು ಎಕರೆಗೆ ಇದು ದೊಡ್ಡ ಪೆಟ್ಟು. ಘೋಷಣೆಗೆ ಮುಂಚೆ ನೋಟಿಸು ಕೊಟ್ಟು, ಆಕ್ಷೇಪ ಹೇಳಲು ಎರಡು ತಿಂಗಳು ಬಿಡಬೇಕು. ಅರ್ಧ ಎಕರೆಯ, ಈಗಾಗಲೇ ಮಷೀನು ಹಾಯ್ದ ದಿಬ್ಬಕ್ಕೆ ಅಷ್ಟು ದೂರ ಹೋಗುವುದು ಅಪರೂಪ. ಇದು ನನ್ನ ಅನುಭವದ ಮಾತು. ನಿಮ್ಮ ವಕೀಲರನ್ನೂ ಒಮ್ಮೆ ಕೇಳಿ, ಮುಖ್ಯವಾಗಿ ಕರಾರಿನಲ್ಲಿ ತಡವಾದರೆ ಏನು ಅಂತ ಬರೆದಿದೆ ಅನ್ನುವುದನ್ನು ಓದಿಸಿ.

ನಿಧಿಯ ಮಾತು ಸುಳ್ಳು. ಆ ಕಾಲದ ಜನ ದನ ಸಾಕಿದವರು, ಹುರುಳಿ, ಹೆಸರು, ಕೊರಲೆ ಬೆಳೆದವರು. ಕೊಡ ತುಂಬಾ ಬಂಗಾರ ಹೂಳುವವರಲ್ಲ. ನಿಮಗೆ ಸಿಕ್ಕ ಬೂದಿ ಮಣ್ಣು ಕೂಡ ಒಲೆಯ ಬೂದಿ, ಸಗಣಿಯ ಬೂದಿ. ಹಂಪಿ ಹತ್ತಿರದ ನಿಂಬಾಪುರದಲ್ಲಿ ದೊಡ್ಡ ಬೂದಿ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತಾರೆ. ಬಳ್ಳಾರಿ, ರಾಯಚೂರು ಸೀಮೆಯ ಇಂಥ ದಿಬ್ಬಗಳು ದನದ ದೊಡ್ಡಿಯ ಸಗಣಿ ಉರಿದು ಆದದ್ದು ಅಂತ ಪರೀಕ್ಷೆಯಿಂದ ಗೊತ್ತಾಗಿದೆ. ಆದರೂ ನಿಧಿ ಅನ್ನುವ ಗಾಳಿಸುದ್ದಿಯನ್ನು ಹಗುರವಾಗಿ ತಗೋಬೇಡಿ. ನಿಧಿ ಆಸೆಯವರು ರಾತ್ರಿ ಬಂದು ಅಗೆದರೆ ಜೆಸಿಬಿಗಿಂತ ಜಾಸ್ತಿ ಹಾಳು ಮಾಡುತ್ತಾರೆ. ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂದು ವೇಳೆ ಲೋಹದ, ಬೆಲೆಬಾಳುವ ವಸ್ತು ಸಿಕ್ಕರೆ ಮುಚ್ಚಿಡಲೇಬೇಡಿ. ಕರ್ನಾಟಕದಲ್ಲಿ ನಿಧಿಗೆ 1962ರ ಪ್ರತ್ಯೇಕ ಕಾಯ್ದೆ ಇದೆ. ಕೊಡಲಿ ಮಾರಲೂ ಹೋಗಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಲೈಸೆನ್ಸು ಬೇಕು.

ಇನ್ನು ಅವ್ವನ ಭಯ. ಗಡಿಗೆಯಲ್ಲಿ ಸಣ್ಣ ಎಲುಬು ಅಂದಿರಿ. ಅದು ಕೂಸಿನದು ಇರಬಹುದು. ಆ ಕಾಲದಲ್ಲಿ ತೀರಿಕೊಂಡ ಮಕ್ಕಳನ್ನು ಗಡಿಗೆಯಲ್ಲಿಟ್ಟು ಮನೆಗಳ ನಡುವೆಯೇ ಹೂಳುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ, ಆಗ ಪುರಾತತ್ವ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಇಂಥ ಗಡಿಗೆಗಳು ಸಿಕ್ಕಿದ್ದವು. ದೊಡ್ಡವರನ್ನು ಹಾಗೇ ಮಣ್ಣು ಮಾಡುತ್ತಿದ್ದರು, ಕೂಸನ್ನು ಮಾತ್ರ ಗಡಿಗೆಯಲ್ಲಿ ಇಡುತ್ತಿದ್ದರು. ಮಾಟದ ಗಡಿಗೆ ಅಲ್ಲ ಅದು. ಯಾರೋ ತಂದೆ ತಾಯಿ ಕೂಸನ್ನು ದೂರ ಕಳಿಸಲು ಮನಸ್ಸಾಗದೆ ಹತ್ತಿರ ಇಟ್ಟುಕೊಂಡದ್ದು ಅಂತ ನನಗೆ ಅನ್ನಿಸುತ್ತದೆ. ಅವ್ವನಿಗೆ ಹೀಗೇ ಹೇಳಿ. ಸಮಾಧಾನಕ್ಕೆ ಒಂದು ಕಾಯಿ ಒಡೆಯಬೇಕು ಅಂದರೆ ಒಡೆಯಲಿ, ಬದುವಿನ ಮೇಲೆ. ಗಡಿಗೆಗೆ ನೀರು, ಕುಂಕುಮ, ಹೊಗೆ ಏನೂ ತಾಗಬಾರದು. ಎಲುಬು ಮನುಷ್ಯರದ್ದು ಅನ್ನಿಸುವುದರಿಂದ ಪೊಲೀಸ್ ಠಾಣೆಗೂ ತಿಳಿಸಿಬಿಡಿ, ಮುಂದೆ ಯಾರೂ ಬೆರಳು ತೋರಿಸುವಂತೆ ಆಗಬಾರದು.

ರಾತ್ರೋರಾತ್ರಿ ಮುಚ್ಚಿದರೆ ಏನಾಗುತ್ತದೆ ಅಂತಲೂ ಯೋಚಿಸಿ. ಮಷೀನಿನವನಿಗೆ, ಕೂಲಿಯವರಿಗೆ, ಅರ್ಧ ಊರಿಗೆ ಆಗಲೇ ಗೊತ್ತು. ನಾಳೆ ಪ್ಲಾಟ್ ಕೊಂಡವರ ನಡುವೆ ಜಗಳ ಬಂದರೆ ಮೊದಲು ಹೊರಬರುವುದು ಇದೇ ವಿಷಯ. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ಹಾಳದಿಬ್ಬದ ನೆಲ ಮನೆ ಕಟ್ಟಲು ಒಳ್ಳೆಯದಲ್ಲ. ಬೂದಿ, ಕಸ ತುಂಬಿದ ಹಳೆಯ ಗುಂಡಿಗಳು ಒಳಗೆ ಸಡಿಲ ಇರುತ್ತವೆ. ಸುತ್ತ ಎರಿ (ಕಪ್ಪು) ಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅರ್ಧ ಪಾಯ ಬೂದಿಯಲ್ಲಿ, ಅರ್ಧ ಎರಿಯಲ್ಲಿ ಕೂತರೆ ಗೋಡೆ ಸೀಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದರೆ ನಿಮ್ಮ ಎಂಜಿನಿಯರ್ ಕೂಡ ಇದನ್ನೇ ಹೇಳುತ್ತಾರೆ.

ಹಾಗಾದರೆ ದಾರಿ ಏನು? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೇಳುತ್ತೇನೆ. ಲೇಔಟ್ ನಕ್ಷೆಯಲ್ಲಿ ಉದ್ಯಾನಕ್ಕೆ, ಬಯಲಿಗೆ ಜಾಗ ಬಿಡಲೇಬೇಕು. ಆ ಜಾಗವನ್ನು ದಿಬ್ಬದ ಮೇಲೇ ತೋರಿಸಿ. ರಸ್ತೆ, ಗಟಾರು, ನೀರಿನ ಪೈಪು ಅದನ್ನು ಸುತ್ತಿ ಹೋಗಲಿ. ದಿಬ್ಬ ಕಡಿಯಬೇಡಿ. ಅದರ ಮೇಲೆ ಮಣ್ಣು ತಡೆಯುವ ಬಟ್ಟೆ ಹಾಸಿ, ಉಸುಕು, ಅದರ ಮೇಲೆ ಗರಸು ಹಾಕಿ ಹುಲ್ಲು ಬೆಳೆಸಿ. ಬೇವು, ಆಲದಂಥ ಆಳಕ್ಕೆ ಬೇರು ಬಿಡುವ ಮರ ಬೇಡ. ಭಾರದ ರೋಲರ್ ಓಡಿಸಬೇಡಿ. ಹೀಗೆ ಮಾಡಿದರೆ ಪ್ಲಾಟುಗಳ ಲೆಕ್ಕದಲ್ಲಿ ನಿಮಗೆ ನಷ್ಟ ಕಡಿಮೆ, ಕೆಳಗಿನದು ನೂರು ವರ್ಷ ಆದರೂ ಇರುತ್ತದೆ. ಇದರ ತೊಂದರೆ ಎಂದರೆ ಹತ್ತು ವರ್ಷದ ಮೇಲೆ ಯಾರೋ ಬೋರ್‌ವೆಲ್ ಅಥವಾ ನೀರಿನ ಟಾಕಿಗೆ ಅದೇ ಜಾಗ ಆರಿಸುತ್ತಾರೆ. ಅದಕ್ಕೇ ನಕ್ಷೆಯ ಮೇಲೆ, ಖರೀದಿ ಪತ್ರದಲ್ಲಿ ‘ಇಲ್ಲಿ ಅಗೆಯುವಂತಿಲ್ಲ’ ಅಂತ ಬರೆಸಿ.

ಕಡಿಯದೆ ಆಗುವುದೇ ಇಲ್ಲ ಅಂದರೆ ಕಡಿಯುವಷ್ಟು ಭಾಗವನ್ನಾದರೂ ಉತ್ಖನನ ಮಾಡಬೇಕು. ಅದನ್ನು ನೀವಾಗಲಿ ನಾನಾಗಲಿ ಸುಮ್ನೆ ಗುದ್ದಲಿ ಹಿಡಿದು ಮಾಡುವಂತಿಲ್ಲ. ರಾಜ್ಯದ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ಕೇಂದ್ರದ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಮಳೆಗಾಲದಲ್ಲಿ ಎರಿ ನೆಲದಲ್ಲಿ ಕೆಲಸ ಸಾಗುವುದಿಲ್ಲ. ಖರ್ಚು ಅಗೆಯುವ ಸಂಸ್ಥೆಯದ್ದು, ನಿಮ್ಮದಲ್ಲ. ನೆರಳಿಗೆ ಜಾಗ, ಕುಡಿಯುವ ನೀರು, ಕೊನೆಗೆ ಗುಂಡಿ ಮುಚ್ಚಲು ಮಷೀನು ಕೊಟ್ಟರೆ ದೊಡ್ಡ ಉಪಕಾರ. ಮೊದಲು ಒಂದೆರಡು ಮೀಟರ್ ಅಗಲದ ಪರೀಕ್ಷೆ ಗುಂಡಿ ತೆಗೆದು ದಿಬ್ಬ ಎಷ್ಟು ಆಳ, ಎಷ್ಟು ಕದಡಿದೆ ಅಂತ ನೋಡುತ್ತಾರೆ. ಎರಿ ನೆಲದಲ್ಲಿ ಇದು ಮುಖ್ಯ. ಬೇಸಿಗೆಯ ಬಿರುಕಿನಲ್ಲಿ ಮೇಲಿನ ಚೂರು ಕೆಳಗೆ ಜಾರುತ್ತದೆ, ನಿನ್ನೆಯ ಗಾಜಿನ ಬಳೆ ಮೂರು ಸಾವಿರ ವರ್ಷದ ಕೊಡಲಿಯ ಪಕ್ಕ ಕೂತಿರುತ್ತದೆ. ಆಮೇಲೆ ಬೆರಳಷ್ಟು ಬೆರಳಷ್ಟು ಮಣ್ಣು ತೆಗೆಯುವ ಕೆಲಸ. ಬೂದಿ ಮಣ್ಣನ್ನು ನೀರಿನ ಡ್ರಮ್ಮಿಗೆ ಹಾಕಿ ಕಲಕಿದರೆ ಸುಟ್ಟ ಕಾಳು ಮೇಲೆ ತೇಲುತ್ತದೆ. ಕರಿ ಹುರುಳಿ ಕಾಳೊಂದು ಜಾಲರಿಯಲ್ಲಿ ನಿಂತಾಗ ನೋಡಬೇಕು, ನಿಮ್ಮ ಮನೆಯ ಕಾಳಿಗಿಂತ ಕೊಂಚ ಸಣ್ಣದು, ಆಕಾರ ಅದೇ. ಈ ದಾರಿಯ ದೊಡ್ಡ ಅಪಾಯ ನಮ್ಮವರದ್ದೇ: ಅಗೆದು, ವರದಿ ಬರೆಯದೆ ಬಿಡುವುದು. ಅಗೆದ ಮೇಲೆ ಆ ಪದರ ಮತ್ತೆ ಸಿಗುವುದಿಲ್ಲ. ವರದಿ ಯಾವಾಗ ಕೊಡುತ್ತೀರಿ ಅಂತ ನೀವೇ ಬರವಣಿಗೆಯಲ್ಲಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ಇವೆರಡರ ನಡುವೆ ಒಂದು ದಾರಿ ಇದೆ. ಉಳಿದ ಮೂರೂವರೆ ಎಕರೆಯಲ್ಲಿ ಕೆಲಸ ಶುರುವಾಗುವಾಗ ಒಬ್ಬ ಪುರಾತತ್ವ ಬಲ್ಲವರು ಮಷೀನಿನ ಪಕ್ಕ ನಿಲ್ಲಲಿ. ಬಕೆಟ್ಟಿಗೆ ಹಲ್ಲಿನ ಬದಲು ಸಪಾಟು ಅಂಚು ಹಾಕಿಸಿ, ತೆಳುವಾಗಿ ಕೆರೆಸಬೇಕು. ಬೂದಿ ಮಣ್ಣು ಕಂಡರೆ ನಿಲ್ಲಿಸಬೇಕು. ಇದು ಬೇಗ ಮುಗಿಯುತ್ತದೆ, ಆದರೆ ಕಣ್ಣು ತಪ್ಪಿದ್ದು ತಪ್ಪಿದ ಹಾಗೇ. ದಿಬ್ಬಕ್ಕೆ ಮಾತ್ರ ಈ ದಾರಿ ಬೇಡ. ಅಂದಹಾಗೆ, ಯೋಜನೆ ಮತ್ತು ಉತ್ಖನನ ಜೊತೆಗೆ ಹೋಗುವುದಿಲ್ಲ ಅಂತ ಯಾರಾದರೂ ಅಂದರೆ ಆಂಧ್ರದಲ್ಲಿ ಕೃಷ್ಣಾ ನದಿ ಕಣಿವೆಯ ಹಳೆಯ ಬೌದ್ಧ ನೆಲೆ ನಾಗಾರ್ಜುನಕೊಂಡದ ಮಾತು ಹೇಳಿ. ಕಣಿವೆಯೇ ಅಣೆಕಟ್ಟಿನಲ್ಲಿ ಮುಳುಗುವುದಿತ್ತು. 1954ರಿಂದ 1960ರವರೆಗೆ ಅಲ್ಲಿ ಅಗೆದು, ಬರೆದು, ಕಟ್ಟಡಗಳನ್ನು ಎತ್ತಿ ಬೆಟ್ಟದ ಮೇಲೆ ಮತ್ತೆ ಕಟ್ಟಿದರು. ಅಣೆಕಟ್ಟೂ ಆಯಿತು.

ಈ ವಾರ ಮಾಡಬೇಕಾದ್ದು ಇಷ್ಟು. ಒಂದು ಪುಟದ ಅರ್ಜಿ ಬರೆಯಿರಿ: ಸರ್ವೆ ನಂಬರ್, ಯಾವ ತಾರೀಖು, ಏನು ಸಿಕ್ಕಿತು, ನೀವಾಗಿಯೇ ಕೆಲಸ ನಿಲ್ಲಿಸಿದ್ದು, ಎಷ್ಟು ದಿನ ಕಾಯಬಲ್ಲಿರಿ ಅನ್ನುವುದು. ಅದನ್ನು ಜಿಲ್ಲಾಧಿಕಾರಿ ಕಚೇರಿಗೆ, ಧಾರವಾಡದ ರಾಜ್ಯ ಪುರಾತತ್ವ ಇಲಾಖೆ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯಕ್ಕೂ ಒಂದು ಪ್ರತಿ ಇರಲಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಭಾರತೀಯ ಇತಿಹಾಸ ವಿಭಾಗಕ್ಕೆ ನೀವೇ ಹೋಗಿ ಬನ್ನಿ, ಫೋಟೊ ತೋರಿಸಿ. ಕಾಗದಕ್ಕಿಂತ ಮೊದಲು ಮನುಷ್ಯರು ಬರುವುದು ಅಲ್ಲಿಂದ. ಕರಾರು ಮಾಡಿಕೊಂಡವರಿಗೂ ಅದೇ ದಿನ ನಕಲು ಕೊಡಿ, ಮುಚ್ಚಿಟ್ಟರು ಅನ್ನುವ ಮಾತು ಬರದಿರಲಿ. ಉದ್ಯಾನದ ಜಾಗ ಬದಲಿಸುವ ಮಾತನ್ನು ಅವರ ಮುಂದೆ ನೀವೇ ಮೊದಲು ಇಡಿ.

ಹೊರಗೆ ಬಂದ ಕೊಡಲಿ, ಚೂರುಗಳನ್ನು ತೊಳೆಯಬೇಡಿ. ಮಡಕೆಯ ಒಳಗೆ ಅಂಟಿದ ಮಣ್ಣಿನಲ್ಲೂ ಸುಟ್ಟ ಕಾಳು ಇರಬಹುದು. ಅರಿವೆ ಚೀಲಕ್ಕೆ ಹಾಕಿ, ಯಾವ ಕಡೆಯಿಂದ ಬಂದದ್ದು ಅಂತ ಚೀಟಿ ಬರೆದಿಡಿ. ಜೆಸಿಬಿ ಕಡಿದ ಮಣ್ಣಿನ ಗೋಡೆಯನ್ನು ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆ ಪಟ್ಟಿ ನಿಲ್ಲಿಸಿ. ನೀವು ಕಳಿಸಿದ ಫೋಟೊದಲ್ಲಿ ಮೇಲೆ ಒಂದು ಮೊಳ ಕಪ್ಪು ಮಣ್ಣು, ಕೆಳಗೆ ಬೂದು, ನಡುವೆ ದಾರದಷ್ಟು ತೆಳು ಬಿಳಿ ಗೆರೆ ಕಾಣುತ್ತದೆ. ಅದು ಸುಣ್ಣ ಸಾರಿಸಿದ ಮನೆಯ ನೆಲ ಇರಬಹುದು ಅಂತ ನನ್ನ ಅನುಮಾನ. ಆ ಗೋಡೆಗೆ ಮಳೆ ನೀರು ತಾಗಿದರೆ ಗೆರೆ ಒಂದೇ ರಾತ್ರಿಗೆ ಕುಸಿಯುತ್ತದೆ. ಗಡಿಗೆ ಇದ್ದಲ್ಲೇ ಇರಲಿ, ಬಾಯಿಗೆ ಒಂದು ಬುಟ್ಟಿ ಬೋರಲು ಹಾಕಿ. ಗುಂಡಿಯ ಮೇಲಕ್ಕೆ ಬಿದಿರಿನ ಗಳ ಅಡ್ಡ ಕೊಟ್ಟು ತಾಡಪತ್ರಿ ಎಳೆದು ಕಟ್ಟಿ, ಸುತ್ತ ನೀರು ಹೋಗಲು ಸಣ್ಣ ಕಾಲುವೆ ತೋಡಿ. ಕಾಲುವೆ ಮಾತ್ರ ದಿಬ್ಬದಿಂದ ನಾಲ್ಕು ಮಾರು ಆಚೆ ಇರಲಿ.